ಸಂಗಮದ ನೀರಿನಲ್ಲಿ ಕಾಲೂರಿದ ಹುಡುಗ

ಮಡಿಕೇರಿಯಿಂದ ಬೆಟ್ಟಗೇರಿ, ಚೇರಂಬಾಣೆ, ಚೆಟ್ಟಿಮಾನಿ ದಾಟಿ ಭಾಗಮಂಡಲಕ್ಕೆ ಹೋಗುವ ದಾರಿ ಬರೀ ತಿರುವುಗಳದ್ದು. ಬಸ್ಸು ಒಂದು ಕಡೆ ವಾಲಿದರೆ ನಾವು ಇನ್ನೊಂದು ಕಡೆ ವಾಲುತ್ತೇವೆ. ಯಾರೂ ಹೇಳಿಕೊಡದೆ ಬೆನ್ನು, ಸೊಂಟ, ಪಾದ ತಂತಮ್ಮ ಕೆಲಸ ಮಾಡಿಬಿಡುತ್ತವೆ. ಇದೆಂಥ ಸೋಜಿಗವೆಂದು ನನಗೆ ಗೊತ್ತಾದದ್ದು ಅಲ್ಲಿನ ಏಳು ವರ್ಷದ ಹುಡುಗನೊಬ್ಬನಿಂದ.

ಡಿಸೆಂಬರ್ ತಿಂಗಳು, ಕಾಫಿ ಕುಯ್ಲಿನ ಹೊತ್ತು. ಫಿಸಿಯೋಥೆರಪಿಸ್ಟ್ ಗೆಳತಿಯೊಬ್ಬಳ ಜೊತೆ ತೋಟದ ಮನೆಯೊಂದಕ್ಕೆ ಹೋಗಿದ್ದೆ. ಆ ಮನೆಯ ಹುಡುಗನಿಗೆ ಸೆರೆಬ್ರಲ್ ಪಾಲ್ಸಿ. ಬೆಳೆಯುತ್ತಿರುವ ಮಿದುಳಿಗೆ ಹುಟ್ಟುವ ಮುನ್ನವೋ, ಹುಟ್ಟುವಾಗಲೋ, ಎಳೆತನದಲ್ಲೋ ಆದ ಹಾನಿಯಿಂದ ಬರುವ ತೊಂದರೆ ಇದು. ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟಲ್ 1862ರಲ್ಲೇ ಹೆರಿಗೆಯ ತೊಡಕಿಗೂ ಮಕ್ಕಳ ಕೈಕಾಲು ಬಿಗಿತಕ್ಕೂ ನಂಟು ಕಲ್ಪಿಸಿ ಬರೆದಿದ್ದ. ಮಿದುಳಿನ ಹಾನಿ ಮುಂದೆ ಹೆಚ್ಚುವುದಿಲ್ಲ. ಆದರೆ ಮಗು ಬೆಳೆದಂತೆ ಸ್ನಾಯುಗಳ ಬಿಗಿತ ಹೆಚ್ಚಿ, ಕೀಲುಗಳು ಸೆಟೆದುಕೊಳ್ಳಬಹುದು. ಈ ಹುಡುಗನಿಗೆ ಬಿಗಿತವೆಲ್ಲ ಕಾಲುಗಳಲ್ಲೇ. ಕಾಲಿಗೆ ಸ್ಪ್ಲಿಂಟ್ ಕಟ್ಟಿ, ವಾಕರ್ ಹಿಡಿದು ನಡೆಯುತ್ತಾನೆ.

ವ್ಯಾಯಾಮವೆಂದರೆ ಯಾರೋ ಕಾಲು ಹಿಡಿದು ಎಳೆಯುವುದು ಎಂದುಕೊಂಡಿದ್ದೆ. ಇಲ್ಲಿ ನಡೆದದ್ದೇ ಬೇರೆ. ಕಾಫಿ ಕಣದ ಅಂಚಿನಲ್ಲಿ ಅವನನ್ನು ಮಣೆಯ ಮೇಲೆ ಕೂರಿಸಿದರು. ಬುಟ್ಟಿಯನ್ನು ಕೈಗೆ ಸಿಕ್ಕೂ ಸಿಗದಷ್ಟು ದೂರದಲ್ಲಿಟ್ಟರು. ಕೆಂಪು ಹಣ್ಣೊಂದನ್ನು ಹೆಕ್ಕಿ, ಬಗ್ಗಿ, ಬುಟ್ಟಿಗೆ ಹಾಕಿ, ಮತ್ತೆ ನೆಟ್ಟಗಾಗಬೇಕು. ಸಲೀಸಾದ ಕೂಡಲೇ ಬುಟ್ಟಿ ಇನ್ನೊಂದು ಗೇಣು ಆಚೆಗೆ ಸರಿಯುತ್ತದೆ. ಆಮೇಲೆ ಮಣೆಯಿಂದ ಎದ್ದು ನಿಲ್ಲುವುದು, ಮತ್ತೆ ಕೂರುವುದು. ಅವನು ಓಲಾಡಿದಾಗ ನಾನು ಹಿಡಿಯಲು ಹೋದೆ.

“ಬಿಡಿ ಅಕ್ಕ, ಅವನೇ ಸುಧಾರಿಸ್ಕೊಳ್ತಾನೆ,” ಎಂದರು ತಾಯಿ. ಸುಧಾರಿಸಿಕೊಂಡ!

ಗೆಳತಿ ಹೇಳಿದಳು: ಮಗು ತಾನೇ ಮಾಡಿದ ಚಲನೆಯಿಂದಲೇ ಮಿದುಳು ಹೆಚ್ಚು ಕಲಿಯುತ್ತದೆ; ನಮ್ಮ ಕೈ ಬೀಳದಂತೆ ಕಾಯಲಿಕ್ಕೆ ಅಷ್ಟೆ. ಮಗುವಿಗೆ ಬೇಕಾದ ಕೆಲಸವನ್ನೇ ಗುರಿಯಾಗಿಟ್ಟುಕೊಂಡು ಅದರಿಂದಲೇ ಮತ್ತೆ ಮತ್ತೆ ಮಾಡಿಸುವ ಅಭ್ಯಾಸವೇ ಹೆಚ್ಚು ಫಲ ಕೊಡುತ್ತದೆಂದು ಈಚಿನ ಸಂಶೋಧನೆಗಳೂ ಹೇಳುತ್ತವೆ.

ಮಧ್ಯಾಹ್ನ ಬಿಸಿಲೇರಿದ ಮೇಲೆ ಭಗಂಡೇಶ್ವರ ದೇವಾಲಯದ ಮುಂದಿನ ಸಂಗಮಕ್ಕೆ ಬಂದೆವು. ಮಳೆಗಾಲದಲ್ಲಿ ಊರನ್ನೇ ನುಂಗುವಂತೆ ಉಕ್ಕುವ ನೀರು ಈಗ ದಡದ ಬಳಿ ಪಾದ ಮುಳುಗುವಷ್ಟು. ಇಲ್ಲಿ ಕೂಡುವ ಮೂರು ನದಿಗಳಲ್ಲಿ ಕಾವೇರಿ, ಕನ್ನಿಕೆ ಕಣ್ಣಿಗೆ ಕಾಣುತ್ತವೆ, ಸುಜ್ಯೋತಿ ಗುಪ್ತಗಾಮಿನಿಯೆಂದು ನಂಬಿಕೆ. ದೇಹದ ಸಮತೋಲನವೂ ಹೀಗೆಯೇ ಒಂದು ತ್ರಿವೇಣಿ. ನೋಡುವ ಕಣ್ಣು, ನೆಲವನ್ನು ಅರಿಯುವ ಪಾದ ಮತ್ತು ಕೀಲುಗಳು ನಮಗೆ ಪರಿಚಿತ; ಮೂರನೆಯದು ಒಳಗಿವಿಯ ಮೂಳೆಯೊಳಗೆ ಅಡಗಿ ತಲೆಯ ಓಲಾಟವನ್ನು ಅಳೆಯುತ್ತದೆ. ಮೂರೂ ಸುದ್ದಿಯನ್ನು ಕೂಡಿಸಿ ಸರಿಯಾದ ಸ್ನಾಯುವಿಗೆ ಸರಿಯಾದ ಗಳಿಗೆಯಲ್ಲಿ ಅಪ್ಪಣೆ ಕೊಡುವುದು ಮಿದುಳು. ಈ ಹುಡುಗನಿಗೆ ತೊಡಕಾಗಿರುವುದು ಅಲ್ಲೇ.

ಸ್ಪ್ಲಿಂಟ್ ಬಿಚ್ಚಿ, ಒಂದು ಪಕ್ಕ ತಾಯಿ, ಇನ್ನೊಂದು ಪಕ್ಕ ಗೆಳತಿ ನಿಂತು ಅವನನ್ನು ನೀರಿಗಿಳಿಸಿದರು. ತಣ್ಣನೆಯ ಹರಿವು ಪಾದವನ್ನು ತಳ್ಳುತ್ತಿತ್ತು, ಅಡಿಯ ಮರಳು ಜಾರುತ್ತಿತ್ತು. ಇಬ್ಬರೂ ಕೈ ಸಡಿಲಿಸಿದರು. ಹುಡುಗನ ಮೊಣಕಾಲು ನಡುಗಿತು, ಸೊಂಟ ಹಿಂದಕ್ಕೆ ಸರಿಯಿತು, ತೋಳುಗಳು ಅಗಲವಾದವು. ಅಲುಗದೆ ನಿಂತವನಲ್ಲ ಅವನು. ಗಳಿಗೆಗೊಮ್ಮೆ ಬೀಳಲು ಹೋಗಿ, ಗಳಿಗೆಗೊಮ್ಮೆ ತನ್ನನ್ನು ತಾನೇ ಹಿಡಿದು ನಿಂತ. ಪಕ್ಕದಲ್ಲಿದ್ದ ನಾನೂ ನೀರಿನಲ್ಲಿ ಸಣ್ಣಗೆ ತೂಗುತ್ತಿದ್ದೆ. ನಿಲ್ಲುವುದೆಂದರೆ ಎಲ್ಲರಿಗೂ ಅಷ್ಟೇ: ಬೀಳುವುದನ್ನು ತಿದ್ದುತ್ತಲೇ ಇರುವುದು.

ಕೊಡಗಿನಲ್ಲಿ ಇಂಥ ಮಕ್ಕಳಿಗಾಗಿ ಸುಂಟಿಕೊಪ್ಪದಲ್ಲಿ ‘ಸ್ವಸ್ಥ’ ಸಂಸ್ಥೆಯಿದೆ. ಆದರೆ ಭಾಗಮಂಡಲದವರಿಗೆ ಅದು ಮಡಿಕೇರಿಯಿಂದಲೂ ಆಚೆ. ದಿನದಿನದ ಅಭ್ಯಾಸ ನಡೆಯಬೇಕಾದ್ದು ಮನೆಯ ಮಣೆ, ಮೆಟ್ಟಿಲು, ಅಂಗಳದಲ್ಲೇ. ಅದನ್ನು ಹೇಳಿಕೊಡುವವರು ಊರೂರಿಗೆ ಬರಬೇಕು.

ಓದುಗರಲ್ಲಿ ಒಂದು ಮಾತು. ಒಂಬತ್ತು ತಿಂಗಳಾದರೂ ಮಗು ಆಸರೆಯಿಲ್ಲದೆ ಕೂರದಿದ್ದರೆ, ವರ್ಷ ತುಂಬುವ ಮೊದಲೇ ಒಂದೇ ಕೈಯನ್ನು ಬಳಸುತ್ತಿದ್ದರೆ, “ತಡವಾಗಿ ಕಲಿಯುತ್ತೆ ಬಿಡಿ” ಎಂದು ಕಾಯಬೇಡಿ. ಆಶಾ ಕಾರ್ಯಕರ್ತೆಗೋ, ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರಿಗೋ ಕೂಡಲೇ ತೋರಿಸಿ. ಎಳೆಯ ಮಿದುಳು ಬೇಗ ಕಲಿಯುತ್ತದೆ.