ಹನ್ನೆರಡು ಕೊಡದ ಲೆಕ್ಕ

ಚೆನ್ನೈಯಲ್ಲಿ ಸಂಸಾರ ಹೂಡುವ ಕನ್ನಡದವರು ಮೊದಲು ಕಲಿಯುವ ತಮಿಳು ಮಾತು ‘ವಣಕ್ಕಂ’ ಅಲ್ಲ, ‘ತಣ್ಣಿ.’ ಬೆಳಗಿನ ಜಾವ ಐದಕ್ಕೆ ಕೆಳಗಿನಿಂದ ಯಾರೋ ‘ತಣ್ಣಿ ವಂದಿರುಚ್ಚು’ ಅಂತ ಕೂಗಿದರೆ ಗಂಡ, ಮಕ್ಕಳು, ನಿದ್ದೆ ಎಲ್ಲವನ್ನೂ ಬಿಟ್ಟು ಕೊಡ ಹಿಡಿದು ಓಡಬೇಕು. ಅದಕ್ಕೆ ಭಾಷಾಂತರ ಬೇಕಾಗುವುದಿಲ್ಲ.

ನಾನು ಪಾಂಡವಪುರದ ಕಡೆಯವಳು. ವಿ.ಸಿ. ನಾಲೆ ನಮ್ಮ ಗದ್ದೆಯ ಪಕ್ಕದಲ್ಲೇ ಹೋಗುತ್ತದೆ. ನಾಲೆಗೆ ನೀರು ಬಿಟ್ಟ ದಿನದಿಂದ ಪಾತ್ರೆ, ಬಟ್ಟೆ, ಎಮ್ಮೆ, ಹುಡುಗರು ಎಲ್ಲ ಅಲ್ಲೇ. ಅಂಥ ಊರಿನವಳು 1998ರಲ್ಲಿ ಮದುವೆಯಾಗಿ ಕೆ.ಕೆ. ನಗರದ ಒಂದು ಹಳೇ ಕಟ್ಟಡಕ್ಕೆ ಬಂದೆ. ಎಂಟು ಮನೆ, ಲಿಫ್ಟ್ ಇಲ್ಲ, ನಮ್ಮದು ಎರಡನೇ ಮಹಡಿ. ಮನೆಗೆ ಮೂರು ಜಾತಿಯ ನೀರು. ಅಡುಗೆಗೆ ‘ಮೆಟ್ರೋ ವಾಟರ್’, ಅಂದರೆ ಜಲಮಂಡಳಿಯದು, ಕೆಳಗಿನ ಕೈಪಂಪು ಒತ್ತಿ ಹಿಡಿಯಬೇಕು. ಸ್ನಾನಕ್ಕೆ ಬೋರಿನ ಉಪ್ಪು ನೀರು. ಮೂರನೆಯದು ಲಾರಿ ನೀರು, ಅದು ಮೊದಲೆರಡು ಕೈಕೊಟ್ಟಾಗ. ನಮ್ಮ ಕಡೆ ‘ದುಡ್ಡನ್ನ ನೀರಿನ ಹಂಗೆ ಖರ್ಚು ಮಾಡ್ತಾನೆ’ ಅಂದರೆ ಬೈಗುಳ. ಇಲ್ಲಿ ಯಾರಾದರೂ ಹಾಗಂದರೆ ಆತ ಜಿಪುಣಾಗ್ರೇಸರ ಅಂತ ಅರ್ಥವಾದೀತು!

ಎದುರು ಮನೆಯ ಮಾಮಿ ಈ ವಿದ್ಯೆಯಲ್ಲಿ ನನ್ನ ಗುರು. ಅವರು ಯಾವತ್ತೂ ಉಪದೇಶ ಮಾಡಿದವರಲ್ಲ. ಪರಿಸರ ಅನ್ನುವ ಮಾತೂ ಅವರ ಬಾಯಲ್ಲಿ ಬಂದಿದ್ದಿಲ್ಲ. ಅಕ್ಕಿ ತೊಳೆದ ನೀರನ್ನು ಚೆಲ್ಲದೆ ಒಂದು ಬೋಗುಣಿಯಲ್ಲಿ ಎತ್ತಿಡುತ್ತಿದ್ದರು. ಅದರಲ್ಲೇ ಸೊಪ್ಪಿನ ಮೊದಲ ತೊಳೆತ, ಆಮೇಲೆ ಅದು ಕರಿಬೇವಿನ ಬುಡಕ್ಕೆ. ನಮ್ಮೂರಲ್ಲಿ ಅದೇ ನೀರಿಗೆ ಕಲಗಚ್ಚು ಅಂತ ಹೆಸರು, ದನದ ಪಾಲು. ಇಲ್ಲಿ ದನ ಇಲ್ಲ, ಗಿಡ ಇತ್ತು, ಅಷ್ಟೇ ವ್ಯತ್ಯಾಸ. ಪಾತ್ರೆ ತೊಳೆಯುವಾಗ ನಲ್ಲಿ ಬಿಡುವ ಮಾತೇ ಇಲ್ಲ. ಒಂದು ಟಬ್ಬಲ್ಲಿ ಉಜ್ಜು, ಇನ್ನೊಂದರಲ್ಲಿ ಜಾಲಿಸು. ಹಿತ್ತಲಲ್ಲಿ ಬಚ್ಚಲ ನೀರು ಹೋಗುವ ಕಡೆ ಕಾಬಾಳೆ ನೆಟ್ಟಿದ್ದರು. ಕೆಂಪು ಹೂವು ಬಿಡುತ್ತದಲ್ಲ, ಅದೇ. ಸೋಪಿನ ನೀರು ಅದರ ಬೇರಿನ ನಡುವೆ ನಿಧಾನವಾಗಿ ಇಂಗಿ ಮಣ್ಣು ಸೇರುತ್ತದೆ, ವಾಸನೆಯಿಲ್ಲ, ಸೊಳ್ಳೆಯೂ ಕಡಿಮೆ. 2003ರಲ್ಲಿ ತಮಿಳುನಾಡು ಸರ್ಕಾರ ಪ್ರತಿ ಕಟ್ಟಡಕ್ಕೂ ಮಳೆ ನೀರು ಕೊಯ್ಲು ಕಡ್ಡಾಯ ಮಾಡಿದಾಗ ನಮ್ಮ ಕಟ್ಟಡದಲ್ಲಿ ಗೊಣಗದೆ ದುಡ್ಡು ಕೊಟ್ಟವರು ಮಾಮಿ ಒಬ್ಬರೇ.

ಇನ್ನು ನನ್ನನ್ನು ಕಾಡಿದ ವಿಷಯಕ್ಕೆ ಬರುತ್ತೇನೆ. 2004ರಲ್ಲಿ ವೀರಾಣಂ ಕೆರೆಯಿಂದ ಚೆನ್ನೈಗೆ ನೀರು ಬಂತು, ಸುಮಾರು 235 ಕಿಲೋಮೀಟರ್ ಕೊಳವೆಯಲ್ಲಿ. ಚೋಳರು ಕಟ್ಟಿಸಿದ ಆ ಕೆರೆಯನ್ನು ತುಂಬಿಸುವುದು ಯಾರು ಅಂತೀರಿ? ಕಾವೇರಿ. ಕೊಳ್ಳಿಡಂನ ಕೆಳ ಅಣೆಕಟ್ಟಿನಿಂದ ಕಾಲುವೆಯಲ್ಲಿ ಬಂದು ಅಲ್ಲಿ ಸೇರುತ್ತಾಳೆ. ಅಂದರೆ ನಮ್ಮಪ್ಪನ ಗದ್ದೆಯ ಪಕ್ಕ ಬಿಟ್ಟು ಬಂದವಳು ಎಷ್ಟೋ ಅಣೆ ದಾಟಿ, ನನ್ನ ಪ್ಲಾಸ್ಟಿಕ್ ಕೊಡಕ್ಕೆ ಬಂದು ಬೀಳುತ್ತಿದ್ದಳು.

ಬೇರೆ ವರ್ಷಗಳಲ್ಲಿ ಇದನ್ನು ನೆನೆದು ಖುಷಿಪಡಬಹುದಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಆಗಲಿಲ್ಲ. ಸುಪ್ರೀಂ ಕೋರ್ಟು ನೀರು ಬಿಡಿ ಅಂದಿತು, ಬೆಂಗಳೂರಲ್ಲಿ ಬಸ್ಸುಗಳು ಸುಟ್ಟವು. ಅಪ್ಪ ಮಂಡ್ಯದ ಸಂಜಯ ವೃತ್ತದಲ್ಲಿ ಹಸಿರು ಟವೆಲ್ ಹಾಕ್ಕೊಂಡು ಧರಣಿ ಕೂತಿದ್ದರು. ಆ ವಾರ ನಾನು ಬಸ್ಸಲ್ಲಿ ಫೋನು ಬಂದರೆ ಎತ್ತುತ್ತಿರಲಿಲ್ಲ, ಕನ್ನಡ ಮಾತಾಡಬೇಕಲ್ಲ ಅಂತ. ನಿಜ ಹೇಳಬೇಕೆಂದರೆ ಯಾರೂ ನನಗೆ ಒಂದು ಮಾತು ಅನ್ನಲಿಲ್ಲ. ಮಾಮಿ ಎಂದಿನಂತೆ ಮೋರ್‌ಕುಳಂಬು ತಂದುಕೊಟ್ಟು, ಊರಲ್ಲಿ ಅಪ್ಪ ಹುಷಾರಾ ಅಂತ ಕೇಳಿ ಹೋದರು. ಆದರೂ ಬೆಳಿಗ್ಗೆ ಕೈಪಂಪು ಒತ್ತುವಾಗ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಅಪ್ಪ ಬಿಡಬೇಡಿ ಅಂತ ಕೂತಿರುವ ನೀರು, ನಾನು ಹಿಡಿಯುತ್ತಿರುವ ನೀರು...

2019ರ ಬೇಸಿಗೆಗೆ ಆ ಪ್ರಶ್ನೆಯೇ ಉಳಿಯಲಿಲ್ಲ, ಯಾಕೆಂದರೆ ನೀರೇ ಉಳಿಯಲಿಲ್ಲ. ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ನಾಲ್ಕೂ ಜಲಾಶಯಗಳು ಜೂನ್ ಹೊತ್ತಿಗೆ ಒಣಗಿ ಬಿರುಕು ಬಿಟ್ಟವು. ಸಣ್ಣ ಹೋಟೆಲುಗಳು ಮಧ್ಯಾಹ್ನದ ಊಟ ನಿಲ್ಲಿಸಿದವು. ಕೆಲವು ಐಟಿ ಕಂಪನಿಗಳು ಮನೆಯಿಂದಲೇ ಕೆಲಸ ಮಾಡಿ ಅಂದವು. ನಮ್ಮ ಬೋರು ಮೇ ತಿಂಗಳಲ್ಲೇ ಸೀಟಿ ಹೊಡೆದು ಸುಮ್ಮನಾಯಿತು. ಲಾರಿಗೆ ಬರೆಸಿ ವಾರಗಟ್ಟಲೆ ಕಾಯುವ ಹೊತ್ತಲ್ಲಿ ಎಂಟು ಮನೆಯವರೂ ಮೆಟ್ಟಿಲ ಮೇಲೆ ಸೇರಿ ಒಂದು ತೀರ್ಮಾನ ಮಾಡಿದೆವು. ಮೇಲಿನ ಟ್ಯಾಂಕಿಗೆ ನೀರು ಏರಿಸುವುದು ಬಂದ್. ಸಂಪಿನಿಂದಲೇ ಮನೆಗೆ ದಿನಕ್ಕೆ ಹನ್ನೆರಡು ಕೊಡ.

ಒಂದು ಕೊಡಕ್ಕೆ ಹದಿನೈದು ಲೀಟರ್, ಒಟ್ಟು 180. ಮನೆಯಲ್ಲಿ ಮೂವರು. ನಗರಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಬೇಕು ಅನ್ನುವುದು ಸರ್ಕಾರದ ಅಳತೆ, ಆ ಲೆಕ್ಕದಲ್ಲಿ ನಮಗೆ 405 ಬೇಕು. ಮೊದಲ ವಾರ ಜಗಳವೋ ಜಗಳ. ಹಳೇ ಫ್ಲಶ್ ಒಂದು ಸಲ ಒತ್ತಿದರೆ ಹತ್ತು ಲೀಟರ್, ಅಂದರೆ ಕೊಡದ ಮೂರರಲ್ಲಿ ಎರಡು ಪಾಲು ಮಾಯ! ಯಜಮಾನರು ಅದರ ಪೈಪು ಮುಚ್ಚಿ ಪಕ್ಕದಲ್ಲಿ ಒಂದು ಬಕೆಟ್ ಇಟ್ಟರು, ಅದಕ್ಕೆ ಬಟ್ಟೆ ಜಾಲಿಸಿದ ನೀರು. ನೀರು ಶುದ್ಧ ಮಾಡುವ ಮಿಷನ್ನು ಒಂದು ಲೀಟರ್ ಕೊಟ್ಟು ಎರಡು ಮೂರು ಲೀಟರ್ ಹೊರಗೆ ಚೆಲ್ಲುತ್ತದೆ ಅನ್ನುವುದು ಅದರ ಬಾಯಿಗೆ ಪಾತ್ರೆ ಹಿಡಿದ ಮೇಲೆ ಕಣ್ಣಿಗೆ ಕಂಡಿತು. ಉಪ್ಪಿನಂಶ ಜಾಸ್ತಿ, ಗಿಡಕ್ಕೆ ಬೇಡ, ನೆಲ ಒರೆಸಲು ಸಾಕು. ಕಾಲೇಜಿಗೆ ಹೋಗುವ ಮಗಳು ತಲೆಗೆ ನೀರು ಹಾಕ್ಕೊಳ್ಳುವ ದಿನವನ್ನು ಕ್ಯಾಲೆಂಡರಲ್ಲಿ ಗುರುತು ಮಾಡಿದಳು. ಎರಡು ಮಹಡಿ ಕೊಡ ಹೊತ್ತು ನನ್ನ ಮಂಡಿ ಗಟ್ಟಿಯಾಯಿತು ಅಂತ ಡಾಕ್ಟರು ಹೇಳಿದರು ಅಂದರೆ ನೀವು ನಗುತ್ತೀರಿ. ಡಾಕ್ಟರು ಹೇಳಿದ್ದು ಸಕ್ಕರೆ ಇಳಿದಿದೆ ಅಂತ. ಮಂಡಿಯ ಕಥೆ ಬೇರೆ.

ಜುಲೈ 12ರಂದು ರೈಲಿನಲ್ಲಿ ನೀರು ಬಂತು. ಐವತ್ತು ವ್ಯಾಗನ್, 25 ಲಕ್ಷ ಲೀಟರ್, ಜೋಲಾರಪೇಟೆಯಿಂದ. ಬೆಂಗಳೂರು–ಚೆನ್ನೈ ರೈಲು ಹತ್ತಿದವರಿಗೆಲ್ಲ ಗೊತ್ತಿರುವ ಜಂಕ್ಷನ್ನು. ಟೀವಿಯಲ್ಲಿ ಆ ರೈಲಿಗೆ ಹೂವಿನ ಹಾರ ಹಾಕುವುದನ್ನು ನೋಡಿ ಅಪ್ಪ ಫೋನು ಮಾಡಿದರು.

“ಅದ್ಯಾವ ನೀರವ್ವ?”

“ಮೆಟ್ಟೂರಿಂದು ಅಂತೆ ಅಪ್ಪ. ಕಾವೇರೀದೇ.”

ಆ ಕಡೆ ಮೌನ. ಆಮೇಲೆ, “ನಿಂಗೆಷ್ಟು ಬತ್ತದೆ?”

ಹನ್ನೆರಡು ಕೊಡದ ಲೆಕ್ಕ ಹೇಳಿದೆ. ಯಾವುದು ಅಡುಗೆಗೆ, ಯಾವುದು ಬಚ್ಚಲಿಗೆ, ಎಲ್ಲ. ಅಪ್ಪ ಗದ್ದೆಗೆ ಸರದಿ ಪ್ರಕಾರ ನೀರು ಕಟ್ಟಿದವರು, ಲೆಕ್ಕ ಚೆನ್ನಾಗಿ ಕೇಳಿಸಿಕೊಂಡರು. ಕೊನೆಗೆ ನಕ್ಕರು. “ಹಂಗಾದ್ರೆ ನೀನು ಮಳವಳ್ಳಿಯೋಳಾದೆ ಕಣವ್ವ!”

ಮಂಡ್ಯದವರಿಗೆ ಇದು ಥಟ್ಟನೆ ಹೊಳೆಯುತ್ತದೆ, ಉಳಿದವರಿಗೆ ಹೇಳಬೇಕು. ಮಳವಳ್ಳಿ, ಮದ್ದೂರಿನವರು ನಾಲೆಯ ಕೊನೇ ಭಾಗದವರು. ಮೇಲಿನವರು ತೂಬು ಎತ್ತಿಕೊಂಡರೆ ಅವರಿಗೆ ನೀರಿಲ್ಲ. ಪ್ರತಿ ವರ್ಷ ನಮ್ಮೂರಿಗೂ ಅವರಿಗೂ ಜಟಾಪಟಿ. ಅಪ್ಪ ಜೀವಮಾನವೆಲ್ಲ ಮೇಲ್ಭಾಗದ ರೈತ. ಅವರ ಮಗಳು ಕೊನೇ ಭಾಗಕ್ಕೆ ಹೋಗಿ ಕೂತಿದ್ದಾಳೆ ಅನ್ನುವುದು ಅವರಿಗೆ ಅವತ್ತೇ ಹೊಳೆದದ್ದಿರಬೇಕು. ಅದಾದ ಮೇಲೆ ಅವರು ಧರಣಿಗೆ ಹೋಗುವುದನ್ನೇನೂ ಬಿಡಲಿಲ್ಲ. ನನಗೆ ಬಿಡಿ ಅನ್ನುವ ಮನಸ್ಸೂ ಬರಲಿಲ್ಲ. ಆದರೆ ಫೋನಿನ ಕೊನೆಗೆ “ನೀರು ಬತ್ತಾ?” ಅಂತ ಕೇಳುವುದು ರೂಢಿಯಾಯಿತು.

ಮಳೆಗಾಲ ಬಂದು ಕೊಡ ಹೊರುವುದು ನಿಂತಾಗ ಒಂದು ವಿಚಿತ್ರ ಗಮನಿಸಿದೆ. ಆ ಬೇಸಿಗೆಯಲ್ಲಿ ಕಲಿತದ್ದರಲ್ಲಿ ಅರ್ಧಕ್ಕರ್ಧ ಒಂದೇ ತಿಂಗಳಲ್ಲಿ ಹೊರಟುಹೋಯಿತು. ಉಳಿದದ್ದು ಯಾವುದು? ಯಾವುದಕ್ಕೆ ಮನೆಯಲ್ಲೊಂದು ಜಾಗ ಇತ್ತೋ ಅದು. ಸಿಂಕಿನ ಎಡಕ್ಕೆ ಕಲಗಚ್ಚಿನ ಬೋಗುಣಿ, ಮಿಷನ್ನಿನ ಕೆಳಗೆ ಕೊಡಪಾನ, ಕಮೋಡಿನ ಪಕ್ಕ ಬಕೆಟ್. ಕೈಗೆ ಅವು ಸಿಗುತ್ತವೆ, ಕೆಲಸ ನಡೆಯುತ್ತದೆ. ನೀರು ಉಳಿಸಬೇಕು ಅಂತ ಮನಸ್ಸಲ್ಲಿ ಮಾಡಿಕೊಂಡ ಸಂಕಲ್ಪಗಳೆಲ್ಲ ಹಿಂಗಾರು ಮಳೆಯ ಜೊತೆ ಕೊಚ್ಚಿಹೋದವು. ಮಗಳ ಕ್ಯಾಲೆಂಡರ್ ಗುರುತೂ ಹೋಯಿತು, ಒಂದೇ ಬಕೆಟ್ಟಿನ ಸ್ನಾನ ಮಾತ್ರ ಉಳಿಯಿತು, ಯಾಕೆಂದರೆ ಶವರನ್ನು ಯಜಮಾನರು ತಿರುಗಿ ಜೋಡಿಸಲೇ ಇಲ್ಲ. ಅದು ಸೋಮಾರಿತನ, ಆದರ್ಶವಲ್ಲ.

ಅವಳೀಗ ಬೆಂಗಳೂರಲ್ಲಿ ಕೆಲಸದಲ್ಲಿದ್ದಾಳೆ. 2024ರ ಮಾರ್ಚಲ್ಲಿ ಅಲ್ಲಿ ಬೋರುಗಳು ಬತ್ತಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ ಐದು ಸಾವಿರ ದಂಡ ಅಂತ ಜಲಮಂಡಳಿ ಹೊರಡಿಸಿತಲ್ಲ, ಆಗ ಫೋನು ಮಾಡಿದಳು. “ಅಮ್ಮಾ, ರೂಮಿನ ಹುಡುಗೀರೆಲ್ಲ ಗಾಬರಿಯಾಗಿದ್ದಾರೆ. ನಾನು ಅಂಗಡಿಗೆ ಹೋಗಿ ಮೂರು ಬಕೆಟ್ ತಂದೆ.” ಅಷ್ಟೇ ಹೇಳಿದ್ದು. ಮಾಮಿ ಇದ್ದಿದ್ದರೆ ಕೇಳಿ ಸಂತೋಷಪಡುತ್ತಿದ್ದರು.

ಅದಕ್ಕೂ ಹಿಂದಿನ ವರ್ಷ, 2023ರಲ್ಲಿ, ಮಳೆ ಕೈಕೊಟ್ಟು ಕನ್ನಂಬಾಡಿ ತುಂಬಲಿಲ್ಲ. ಮತ್ತೆ ಬಂದ್, ಮತ್ತೆ ಧರಣಿ. ಅಪ್ಪನಿಗೆ ಈಗ ಕೂರಲು ಆಗುವುದಿಲ್ಲ, ಟೀವಿಯಲ್ಲಿ ನೋಡುತ್ತಿದ್ದರು. ಒಂದು ದಿನ ಇದ್ದಕ್ಕಿದ್ದಂತೆ, ನಿಮ್ಮ ಬಚ್ಚಲ ಹಿಂದಿರೋ ಆ ಹೂವಿನ ಗಡ್ಡೆ ನಾಕು ತತ್ತಾ ಅಂದರು. ಹಿತ್ತಲ ಬಚ್ಚಲ ನೀರು ಸುಮ್ಮನೆ ಬೀದಿಗೆ ಹೋಗುತ್ತದೆ ಅಂತ.

“ಕಾಬಾಳೆ ಊರಲ್ಲೇ ಸಿಗ್ತದಲ್ಲಪ್ಪ.”

“ಸಿಗ್ತದೆ. ನಿಂದೇ ತತ್ತಾ.”

ಒದ್ದೆ ಗೋಣಿಯಲ್ಲಿ ಸುತ್ತಿ ಕಾವೇರಿ ಎಕ್ಸ್‌ಪ್ರೆಸ್ಸಿನ ಸೀಟಿನ ಕೆಳಗಿಟ್ಟುಕೊಂಡು ಹೋದೆ. ಜೋಲಾರಪೇಟೆ ದಾಟುವಾಗ ಗೋಣಿ ಒಣಗಿದ ಹಾಗೆ ಕಂಡಿತು, ಕುಡಿಯುವ ಬಾಟಲಿಯಿಂದ ಎರಡು ಗುಟುಕು ಚಿಮುಕಿಸಿದೆ.