ಎದೆಬಡಿತ 64ಕ್ಕೆ ಇಳಿಯಬೇಕು

"ಓಡೋದು ಕುದುರೆ, ಸುಸ್ತಾಗೋದು ನಿಂಗಾ?" ಎಂಡ್ಯೂರೆನ್ಸ್ ರೈಡಿಂಗ್ ಕಲಿಯೋಕೆ ಹೋಗ್ತೀನಿ ಅಂದಾಗ ಅಕ್ಕ ನಕ್ಕಿದ್ದಳು. ಆಗ ನನಗೂ ಅದಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲ.

ಇದು ರೇಸ್‌ಕೋರ್ಸ್ ಓಟ ಅಲ್ಲ. ಹೊಲ, ಕೆರೆ ಏರಿ, ಮಣ್ಣುದಾರಿಗಳಲ್ಲಿ ಹತ್ತಾರು ಕಿಲೋಮೀಟರ್ ಸಾಗುವ ದೂರದ ಸವಾರಿ. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವೆಂಡೆಲ್ ರೋಬಿ ಮತ್ತು ಗೆಳೆಯರು 100 ಮೈಲಿಯನ್ನು ಒಂದೇ ದಿನದಲ್ಲಿ ಕುದುರೆ ಮೇಲೆ ಮುಗಿಸಿದರು. ಅದೇ ಮುಂದೆ ಟೆವಿಸ್ ಕಪ್ ಆಯಿತು. ಅಲ್ಲಿ ಇವತ್ತಿಗೂ 24 ಗಂಟೆಯೊಳಗೆ ತಲುಪಿದರಷ್ಟೇ ಸಾಲದು, ಕುದುರೆ ಆರೋಗ್ಯವಾಗಿದ್ದರೆ ಮಾತ್ರ ಬೆಳ್ಳಿ ಬಕಲ್ ಸಿಗುತ್ತೆ. ನಮ್ಮ ದೇಶದಲ್ಲಿ ಹೊಸಬರು 20, 40 ಕಿ.ಮೀ.ಗಳಿಂದ ಶುರು ಮಾಡಬಹುದು. ಸ್ವಂತ ಕುದುರೆ ಬೇಕಂತಿಲ್ಲ.

ಬೆಂಗಳೂರಿನ ಹೊರಗೆ ಒಂದು ಲಾಯಕ್ಕೆ ಪ್ರತಿ ವಾರಾಂತ್ಯ ಹೋಗತೊಡಗಿದೆ. ನನಗೆ ಸಿಕ್ಕಿದ್ದು ರಾಣಿ, ಮಾರ್ವಾಡಿ ತಳಿಯ ಹೆಣ್ಣು ಕುದುರೆ. ಅವಳ ಕಿವಿಗಳ ತುದಿ ಒಳಕ್ಕೆ ಬಾಗಿ ಒಂದಕ್ಕೊಂದು ತಾಗ್ತಾ ಇತ್ತು. ಮೊದಲ ಆರು ತಿಂಗಳು ಬರೀ ನಡಿಗೆ, ಟ್ರಾಟ್, ಕ್ಯಾಂಟರ್. ಟ್ರಾಟ್‌ನಲ್ಲಿ ಕುದುರೆಯ ಮುಂದಿನ ಒಂದು ಕಾಲು, ಹಿಂದಿನ ಎದುರು ಬದಿಯ ಕಾಲು ಒಟ್ಟಿಗೆ ಏಳ್ತವೆ. ಆ ತಾಳಕ್ಕೆ ನಾವು ಜೀನಿನಿಂದ ಎದ್ದು ಕೂರಬೇಕು. ಯಾವಾಗಲೂ ಒಂದೇ ಜೋಡಿ ಕಾಲಿಗೆ ಕೂತರೆ ಅದಕ್ಕೇ ಭಾರ ಜಾಸ್ತಿ, ಹಾಗಾಗಿ ಆಗಾಗ ಜೋಡಿ ಬದಲಿಸಬೇಕು. ಮೊದಲ ವಾರ ತೊಡೆ ನೋವಿಗೆ ಆಫೀಸಿನ ಮೆಟ್ಟಿಲು ಇಳಿಯೋಕೆ ಆಗಿರಲಿಲ್ಲ. ಅಕ್ಕನಿಗೆ ಹೇಳಲಿಲ್ಲ ಅಷ್ಟೇ!

ದೂರವನ್ನು ವಾರವಾರ ಸ್ವಲ್ಪಸ್ವಲ್ಪವೇ ಹೆಚ್ಚಿಸಿದೆವು. ಕುದುರೆಯ ಎದೆ, ಶ್ವಾಸ ಬೇಗ ಹದಕ್ಕೆ ಬರುತ್ತೆ. ಕಾಲಿನ ಮೂಳೆ, ಸ್ನಾಯುರಜ್ಜು ಗಟ್ಟಿಯಾಗೋಕೆ ಅದಕ್ಕಿಂತ ತುಂಬಾ ಹೆಚ್ಚು ಕಾಲ ಬೇಕು. 20 ಕಿ.ಮೀ. ಒಂದು ಸಲ ಆರಾಮಾಗಿ ಮುಗಿಸಿದೆ. ಆ ಧೈರ್ಯದಲ್ಲೇ 40ಕ್ಕೆ ಹೆಸರು ಕೊಟ್ಟೆ.

20 ಕಿ.ಮೀ.ಗಳ ಎರಡು ಸುತ್ತು, ನಡುವೆ ಕಡ್ಡಾಯ ವಿಶ್ರಾಂತಿ. ಪ್ರತಿ ಸುತ್ತಿನ ಕೊನೆಗೆ ಪಶುವೈದ್ಯರ ತಪಾಸಣೆ. ಚರ್ಮ ಎಳೆದು ಬಿಟ್ಟು, ಒಸಡು ಒತ್ತಿ ನೋಡ್ತಾರೆ. ಹೊಟ್ಟೆಯ ಸದ್ದು ಕೇಳ್ತಾರೆ. ಕುಂಟುತ್ತಾ ಅಂತ ನೋಡೋಕೆ ಓಡಿಸ್ತಾರೆ. ಎಲ್ಲಕ್ಕಿಂತ ಮುಖ್ಯ ಎದೆಬಡಿತ. ಸುಮ್ಮನೆ ನಿಂತಾಗ ಕುದುರೆಯ ಎದೆ ನಿಮಿಷಕ್ಕೆ 30-40 ಸಲ ಬಡಿಯುತ್ತೆ. ಸವಾರಿ ಮುಗಿಸಿ ಬಂದ ಮೇಲೆ, ಅಂದಿನ ನಿಯಮದ ಪ್ರಕಾರ 20 ನಿಮಿಷದೊಳಗೆ ಅದು 64ಕ್ಕೆ ಇಳಿಯಬೇಕಿತ್ತು. ಇಳಿಯದಿದ್ದರೆ ಔಟ್.

ಮೊದಲ ಸುತ್ತು ಚೆನ್ನಾಗೇ ಆಯಿತು. ಎರಡನೆಯದರಲ್ಲಿ ಬಿಸಿಲು ಏರಿತ್ತು. ಕೆರೆ ಹತ್ತಿರ ರಾಣಿ ನೀರಿನ ಕಡೆ ಕತ್ತು ತಿರುಗಿಸಿದಳು. ಅದೇ ಹೊತ್ತಿಗೆ ಇಬ್ಬರು ನನ್ನನ್ನು ದಾಟಿ ಹೋದರು. ನಾನು ಲಗಾಮು ಎಳೆದು ಅವರ ಹಿಂದೆ ಬಿಟ್ಟೆ. ಕೊನೆಯ ಎರಡು ಕಿಲೋಮೀಟರ್ ಕ್ಯಾಂಟರ್‌ನಲ್ಲೇ ಬಂದು ಇಬ್ಬರನ್ನೂ ಹಿಂದೆ ಹಾಕಿದೆ. ಗೆರೆ ದಾಟುವಾಗ ಖುಷಿಯಿಂದ ಕೂಗಿದ್ದೂ ನೆನಪಿದೆ.

ಕತ್ತು, ಕಾಲಿಗೆ ನೀರು ಸುರಿದು, ಬಳಿದು ತೆಗೆದು, ಮತ್ತೆ ಸುರಿದೆವು. ಹನ್ನೆರಡನೇ ನಿಮಿಷಕ್ಕೆ ವೈದ್ಯರ ಹತ್ತಿರ ಕರೆದೊಯ್ದರೆ 72. ಹತ್ತೊಂಬತ್ತನೇ ನಿಮಿಷಕ್ಕೆ 68. ಅಲ್ಲಿಗೆ ಮುಗೀತು. ನನ್ನ ಹಿಂದೆ ನಿಧಾನವಾಗಿ ಬಂದವರೆಲ್ಲ ಪಾಸಾದರು.

ಲಾಯದಲ್ಲಿ ಕುದುರೆಗಳನ್ನು ನೋಡಿಕೊಳ್ಳೋ ಚಾಚಾ ಬೈಯಲಿಲ್ಲ. "ಕೆರೆ ಹತ್ರ ನೀರು ಕುಡಿಸಿದ್ರಾ ಮೇಡಂ?" ಅಂತ ಮಾತ್ರ ಕೇಳಿದರು. ನಾನು ತಲೆ ತಗ್ಗಿಸಿದೆ.

ಆ ಸಂಜೆ ರಾಣಿ ಹುಲ್ಲಿಗೆ ಬಾಯಿ ಹಾಕಲಿಲ್ಲ. ನೀರು ಬತ್ತಿ ಬಳಲಿದ ಕುದುರೆಗೆ ಹೊಟ್ಟೆಯೇ ನಿಂತುಹೋಗಬಹುದು, ಜೀವಕ್ಕೇ ಕುತ್ತು ಅಂತ ವೈದ್ಯರು ಹೇಳಿದ್ದರು. ಆಯೋಜಕರ ಶೆಡ್‌ನಲ್ಲೇ ಕೂತೆ. ಕೈಯಲ್ಲಿದ್ದ ವಾಚು ನನ್ನ ವೇಗ, ನನ್ನ ಎದೆಬಡಿತ, ನಾನು ಕರಗಿಸಿದ ಕ್ಯಾಲೊರಿ ಎಲ್ಲ ತೋರಿಸ್ತಾ ಇತ್ತು. ಅವಳದ್ದು ಒಂದೂ ಇರಲಿಲ್ಲ. ರಾತ್ರಿ ಒಂಬತ್ತರ ಮೇಲೆ ಅವಳು ಲದ್ದಿ ಹಾಕಿ, ಒದ್ದೆ ಹುಲ್ಲು ಮೂಸಿ ಜಗಿಯೋಕೆ ಶುರು ಮಾಡಿದಳು. ಲದ್ದಿ ನೋಡಿ ಅಷ್ಟು ಖುಷಿಪಟ್ಟದ್ದು ಜೀವಮಾನದಲ್ಲಿ ಅದೇ ಮೊದಲು.

ಅವಳಿಗೆ ಪೂರ್ತಿ ವಿಶ್ರಾಂತಿ ಕೊಟ್ಟು, ಮತ್ತೆ ನಡಿಗೆಯಿಂದ ಶುರು ಮಾಡಿದೆವು. ವಾಚನ್ನು ಬ್ಯಾಗಿಗೆ ಹಾಕಿದೆ. ದವಡೆ ಕೆಳಗೆ ಬೆರಳಿಟ್ಟು ನಾಡಿ ಎಣಿಸೋದನ್ನು ಚಾಚಾ ಕಲಿಸಿದರು. ಕಿವಿ ಯಾವ ಕಡೆ, ಉಸಿರು ಹೇಗೆ, ಬೆವರು ಎಷ್ಟು ಅಂತ ಗಮನಿಸೋ ಅಭ್ಯಾಸವಾಯಿತು.

ಎಂಟು ತಿಂಗಳ ನಂತರ ಮತ್ತೆ 40 ಕಿ.ಮೀ. ಕೊನೆಯ ಕಿಲೋಮೀಟರ್ ಕೆಳಗಿಳಿದು, ಜೀನಿನ ಪಟ್ಟಿ ಸಡಿಲಿಸಿ, ರಾಣಿ ಜೊತೆ ನಡೆದುಕೊಂಡೇ ಬಂದೆ. ನಾಲ್ಕಾರು ಜನ ದಾಟಿ ಹೋದರು. ಹತ್ತೇ ನಿಮಿಷಕ್ಕೆ ಅವಳ ಎದೆಬಡಿತ 56.

"ಎಷ್ಟನೇ ಸ್ಥಾನ?" ಫೋನಿನಲ್ಲಿ ಅಕ್ಕನ ಪ್ರಶ್ನೆ.

"ಕೊನೆಯಿಂದ ಎರಡನೇದು. ಸುಸ್ತು ನಂಗೇ ಆಯ್ತು, ಅವಳಿಗಲ್ಲ" ಅಂದೆ.

ಬಕೆಟ್ ಹಿಡಿದು ಬಂದ ಚಾಚಾ ಈ ಸಲವೂ ಅದನ್ನೇ ಕೇಳಿದರು, "ನೀರು ಕುಡಿಸಿದ್ರಾ ಮೇಡಂ?"

"ಎರಡು ಕಡೆ, ಚಾಚಾ."