ಬಾಂಡಲಿ ಹೊತ್ತು ನೋಡಿದ ಶಾಲೆ

“ಅರಸು ಮಕ್ಕಳಿಗೆ ಕಟ್ಟಿಸಿದ್ದು ಉಳಿದರೆಷ್ಟು, ಬಿದ್ದರೆಷ್ಟು, ತಾತ?” ಪೇಪರಿನಲ್ಲಿ ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಂಥ ಹಳೇ ಕಟ್ಟಡಗಳ ಸುದ್ದಿ ಓದಿ ಮೊಮ್ಮಗಳು ಕೇಳಿದಳು. ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದಾಳೆ.

ಕೇಳಿದ್ದು ತಪ್ಪಲ್ಲ. ಅರಸು ಬೋರ್ಡಿಂಗ್ ಶಾಲೆ ಹತ್ತನೆಯ ಚಾಮರಾಜ ಒಡೆಯರ ಕಾಲದ್ದು. ಅರಮನೆಯ ನಂಟಿನ ಮನೆತನಗಳ ಗಂಡುಮಕ್ಕಳಿಗೆಂದೇ ಮಾಡಿದ್ದು. ನಮ್ಮಪ್ಪನ ಕಾಲದಲ್ಲಿ ನಮ್ಮಂಥವರು ಅಂಥ ಕಾಂಪೌಂಡಿನೊಳಕ್ಕೆ ಕಾಲಿಡಬೇಕಾದರೆ ತಲೆಯ ಮೇಲೆ ಬಾಂಡಲಿ ಇರಬೇಕಿತ್ತು.

ನಮ್ಮ ದೊಡ್ಡಪ್ಪ ಗಾರೆ ಮೇಸ್ತ್ರಿ. ಮಳೆಗಾಲಕ್ಕೆ ಮುಂಚೆ ಅರಮನೆ ಕಾಲದ ಕಟ್ಟಡಗಳ ಮದ್ರಾಸ್ ತಾರಸಿ ದುರಸ್ತಿಗೆ ಅವರಿಗೇ ಕರೆ ಬರುತ್ತಿತ್ತು. ತೇಗದ ತೊಲೆ, ಅದರ ಮೇಲೆ ಅಂಚಿನ ಮೇಲೆ ನಿಲ್ಲಿಸಿದ ಇಟ್ಟಿಗೆ, ಮೇಲೆ ಸುಣ್ಣದ ಗಚ್ಚು. ಹೆಂಗಸರು ಸಾಲಾಗಿ ಕೂತು ಕೊಡತಿಯಲ್ಲಿ ಬಡಿಯುತ್ತ ಅಳಲೆಕಾಯಿ, ಬೆಲ್ಲ ನೆನೆಸಿದ ನೀರು ಚಿಮುಕಿಸುವರು. ಒಗರು, ಹುಳಿ ಬೆರೆತ ಆ ವಾಸನೆ ಸಂಜೆ ದೊಡ್ಡಪ್ಪನ ಪಂಚೆಯ ಜೊತೆ ಮನೆಗೂ ಬರುತ್ತಿತ್ತು.

ಕಂಟ್ರಾಕ್ಟರಿಗೆ ಯಾವಾಗಲೂ ಅವಸರ. “ಸುಣ್ಣ ಒಂದು ವಾರ ನೆಂದರೆ ಸಾಲದಾ ಮೇಸ್ತ್ರಿ?” “ನಿಮ್ಮ ಬಿಲ್ಲು ನೋಡಿ ಸುಣ್ಣ ಹದಕ್ಕೆ ಬರಲ್ಲ ಸ್ವಾಮಿ.” ದೊಡ್ಡಪ್ಪ ಕೂಲಿಯಲ್ಲಿ ನಾಲ್ಕಾಣೆ ಬಿಟ್ಟಾರು, ನೆನೆಯುವ ದಿನ ಮಾತ್ರ ಬಿಡುತ್ತಿರಲಿಲ್ಲ.

ಆ ಕಾಲ ಚಿನ್ನವಾಗಿತ್ತು ಅನ್ನಲಾರೆ. ಸುಣ್ಣ ತಿಂದು ದೊಡ್ಡಪ್ಪನ ಬೆರಳು ಬಿರಿದಿದ್ದವು. ದಿನವಿಡೀ ಬಡಿದ ಹೆಂಗಸರಿಗೆ ಗಂಡಸರಿಗಿಂತ ಕಮ್ಮಿ ಕೂಲಿ. ಅವರ ಮಕ್ಕಳಿಗೆ ಬೋರ್ಡಿಂಗ್ ಇರಲಿ, ಸ್ಲೇಟೂ ಇರಲಿಲ್ಲ. ಆ ಅರಸು ಶಾಲೆಯಲ್ಲೇ ಓದಿದ ಕಲ್ಲಹಳ್ಳಿಯ ದೇವರಾಜ ಅರಸು ಮುಖ್ಯಮಂತ್ರಿಯಾಗಿ, 1974ರ ಭೂಸುಧಾರಣೆಯಲ್ಲಿ ಉಳುವವನಿಗೆ ಹೊಲ ಕೊಡಿಸಿದರು. ಹಿಂದುಳಿದವರ ಮಕ್ಕಳಿಗೆ ಹಾಸ್ಟೆಲುಗಳನ್ನು ಹೆಚ್ಚಿಸಿದರು. ಹುಟ್ಟು ನೋಡಿ ಬಾಗಿಲು ತೆರೆಯುವ ಕಾಲ ಹೋದದ್ದೇ ಒಳ್ಳೆಯದು.

ಅದರ ಜೊತೆಗೇ ಗಾರೆಯೂ ಹೋಯಿತು. ದುರಸ್ತಿ ಎಂದರೆ ಸಿಮೆಂಟ್ ಮೆತ್ತುವುದು ಎಂದಾಯಿತು. ಸುಣ್ಣದ ಗೋಡೆ ಹೀರಿದ ತೇವವನ್ನು ಹೊರಕ್ಕೆ ಬಿಡುತ್ತದೆ. ಮೇಲೆ ಸಿಮೆಂಟ್ ಹೊದಿಸಿದರೆ ತೇವ ಒಳಗೇ ನಿಂತು ಇಟ್ಟಿಗೆ ಪುಡಿಯಾಗುತ್ತದೆ, ಗೋಡೆಯೊಳಗಿನ ತೊಲೆಯ ತುದಿ ಕೊಳೆಯುತ್ತದೆ. ಹೊರಗೆ ನೋಡಿದರೆ ಹೊಸ ಪೇಂಟು! ಬಿಲ್ ಪಾಸಾಗಲು ಅಷ್ಟು ಸಾಕು.

2012ರ ಆಗಸ್ಟಿನಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ಅಲ್ಲಿಯದೇ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ದೊರೆಗಳು ಕಟ್ಟಿಸಿದ್ದು ದೊರೆಗಳ ಮೇಲೆ ಬೀಳುವುದಿಲ್ಲ. ಕಟ್ಟಿದವರೂ ನಾವೇ, ಈಗ ಅದರ ಕೆಳಗೆ ಓದುವವರೂ ವ್ಯಾಪಾರ ಮಾಡುವವರೂ ನಾವೇ. ಉಳಿಸಬೇಕಾದ್ದು ಅದಕ್ಕೆ. ಟೆಂಡರ್ ಕರೆಯುವ ಮಹನೀಯರು ಮೊದಲು ಗಾರೆ ಬಲ್ಲವರನ್ನು ಕರೆಯಲಿ. ಸುಣ್ಣ ನೆನೆಯುವಷ್ಟು ದಿನ ಕೊಡಲಿ, ಬಡಿಯುವ ಹೆಂಗಸರಿಗೂ ಸಮನಾದ ಕೂಲಿ ಕೊಡಲಿ.